ಯಂತ್ರದ ತೀರ್ಪಿಗೆ ಪರಿಶೋಧಕರು: ನೆದರ್ಲೆಂಡ್ಸಿನ ಒಂದು ಚರಿತ್ರೆ

ಸರ್ಕಾರಿ ಸೇವೆಗಳಲ್ಲಿ ಕೃತಕ ಬುದ್ಧಿಮತ್ತೆ ಮಾಡುವ ಕೆಲಸವನ್ನು ಹೊರಗಿನ ತಜ್ಞರು ಬಿಚ್ಚಿ ನೋಡಬೇಕೆಂಬ ಪದ್ಧತಿ ಇನ್ನೂ ಎಳೆಯದು. ಅದು ಯಾಕೆ ಬೇಕಾಯಿತು, ಎಲ್ಲಿ ಎಡವಿತು, ಯಾವಾಗ ಕಸುವು ಪಡೆಯಿತು ಎಂಬುದನ್ನು ದಾಖಲೆಗಳ ಬಲದಿಂದಲೇ ಹಿಂಬಾಲಿಸಿ ನೋಡಬಹುದಾದ ಕೆಲವೇ ದೇಶಗಳಲ್ಲಿ ನೆದರ್ಲೆಂಡ್ಸ್ ಒಂದು. ಸುಮಾರು 1.8 ಕೋಟಿ ಜನರಿರುವ ಈ ದೇಶದ ಆಡಳಿತ ಅಚ್ಚುಕಟ್ಟಿಗೆ ಹೆಸರಾದದ್ದು, ಅಲ್ಲಿನ ಕಚೇರಿಗಳಲ್ಲಿ ಕಾಗದ ಕಳೆಯುವುದು ಅಪರೂಪ, ಸಲಹಾ ಮಂಡಳಿಗಳಂತೂ ಹೆಜ್ಜೆಗೊಂದು. ಅಲ್ಲಿ ತಜ್ಞರಿಗೆ ಎಂದೂ ಬರವಿರಲಿಲ್ಲ, ಎಚ್ಚರಿಕೆಯ ಮಾತಿಗೂ ಬರವಿರಲಿಲ್ಲ. ಇಲ್ಲದಿದ್ದುದು, ಆ ಮಾತಿಗೆ ಉತ್ತರ ಕೊಡಲೇಬೇಕೆಂದು ಆಡಳಿತವನ್ನು ಕಟ್ಟಿಹಾಕುವ ವ್ಯವಸ್ಥೆ ಮಾತ್ರ.

ಈ ಚರಿತ್ರೆಯ ಬೇರು ಕಂಪ್ಯೂಟರಿಗಿಂತ ಹಳೆಯದು. 1930ರ ದಶಕದಲ್ಲಿ ಜನಸಂಖ್ಯಾ ನೋಂದಣಿಯ ಹೊಣೆ ಹೊತ್ತಿದ್ದ ಯಾಕೋಬುಸ್ ಲೆಂಟ್ಸ್ ಎಂಬ ಅಧಿಕಾರಿ, ಪ್ರತಿಯೊಬ್ಬ ನಿವಾಸಿಗೂ ಒಂದು ವ್ಯಕ್ತಿ ಕಾರ್ಡು ಇರಬೇಕೆಂಬ, ವ್ಯಕ್ತಿ ಊರು ಬದಲಿಸಿದರೆ ಕಾರ್ಡೂ ಹಿಂದೆಯೇ ಹೊಸ ಊರಿನ ಕಚೇರಿಗೆ ಹೋಗಬೇಕೆಂಬ ವ್ಯವಸ್ಥೆಯನ್ನು 1936ರ ಆದೇಶದ ಮೂಲಕ ಜಾರಿಗೆ ತಂದ. ಕಾರ್ಡಿನಲ್ಲಿ ಧರ್ಮದ ಅಂಕಣವೂ ಇತ್ತು. ಇದರ ಜೊತೆಗೆ ಎಲ್ಲರೂ ಕಡ್ಡಾಯವಾಗಿ ಹೊತ್ತು ತಿರುಗಬೇಕಾದ ಗುರುತಿನ ಚೀಟಿಯೊಂದನ್ನು ಆತ ಸೂಚಿಸಿದಾಗ, ಪ್ರಜೆಯನ್ನು ಅಪರಾಧಿಯಂತೆ ಕಾಣುವುದು ಡಚ್ ಸಂಪ್ರದಾಯಕ್ಕೆ ಒಗ್ಗದೆಂದು ಸರ್ಕಾರ ಅದನ್ನು ತಳ್ಳಿಹಾಕಿತು. 1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ದೇಶವನ್ನು ಆಕ್ರಮಿಸಿದ ಮೇಲೆ ಹೊಸ ಒಡೆಯರು ಅದೇ ಸೂಚನೆಯನ್ನು ಒಪ್ಪಿಕೊಂಡರು. ದೇಶದಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ 1,02,000ದಷ್ಟು ಜನ ಕೊಲೆಯಾದರು. ಪಶ್ಚಿಮ ಯುರೋಪಿನಲ್ಲಿ ಇಷ್ಟು ದೊಡ್ಡ ಪಾಲು ಬೇರೆಲ್ಲೂ ಸತ್ತಿಲ್ಲವೆಂಬುದಕ್ಕೆ ಇತಿಹಾಸಕಾರರು ಕೊಡುವ ಹಲವು ಕಾರಣಗಳಲ್ಲಿ ಈ ನೋಂದಣಿಯ ನಿಖರತೆಯೂ ಒಂದು. 1943ರ ಮಾರ್ಚ್ 27ರ ರಾತ್ರಿ ಕಲಾವಿದರು, ವಿದ್ಯಾರ್ಥಿಗಳೇ ಹೆಚ್ಚಾಗಿದ್ದ ಪ್ರತಿರೋಧದ ಗುಂಪೊಂದು ಪೊಲೀಸ್ ವೇಷದಲ್ಲಿ ಆಮ್‌ಸ್ಟರ್‌ಡ್ಯಾಮ್ ನೋಂದಣಿ ಕಚೇರಿಗೆ ನುಗ್ಗಿ ಕಾರ್ಡುಗಳಿಗೆ ಬೆಂಕಿ ಹಚ್ಚಿತು. ಒಳಗುಟ್ಟು ಬಲ್ಲ ಅಗ್ನಿಶಾಮಕ ದಳದವರು ತಡವಾಗಿ ಬಂದು, ಬೆಂಕಿ ಆರಿಸಲು ಬೇಕಾದುದಕ್ಕಿಂತ ಬಹಳ ಹೆಚ್ಚು ನೀರು ಸುರಿದು, ಸುಡದೆ ಉಳಿದ ಕಾರ್ಡುಗಳೂ ಕೆಡುವಂತೆ ನೋಡಿಕೊಂಡರು. ಗುಂಪಿನ ಹನ್ನೆರಡು ಮಂದಿಯನ್ನು ಅದೇ ಜುಲೈ 1ರಂದು ಗುಂಡಿಟ್ಟು ಕೊಲ್ಲಲಾಯಿತು.

ಯುದ್ಧಾನಂತರದ ಪೀಳಿಗೆಗೆ ಈ ನೆನಪು ಮಾಸಿರಲಿಲ್ಲ. 1971ರ ಫೆಬ್ರುವರಿ 28ರ ಜನಗಣತಿಯ ಉತ್ತರಗಳನ್ನು ಕಂಪ್ಯೂಟರಿಗೆ ಹಾಕಲಾಗುವುದೆಂದು ತಿಳಿದಾಗ ದೊಡ್ಡ ಪ್ರತಿಭಟನೆ ಎದ್ದಿತು, ಮುಂದೆ ಆ ದೇಶದಲ್ಲಿ ಮನೆಮನೆಯ ಗಣತಿ ನಡೆಯಲೇ ಇಲ್ಲ. ಸರ್ಕಾರ ಮರುವರ್ಷವೇ ಕೂಪ್‌ಮನ್ಸ್ ಅಧ್ಯಕ್ಷತೆಯ ಆಯೋಗವೊಂದನ್ನು ನೇಮಿಸಿತು, ಆಯೋಗ 1976ರಲ್ಲಿ ಅಂತಿಮ ವರದಿ ಕೊಟ್ಟಿತು, ಆದರೆ ವೈಯಕ್ತಿಕ ದಾಖಲೆಗಳ ಕಾಯ್ದೆ ಜಾರಿಗೆ ಬಂದದ್ದು 1989ರಲ್ಲಿ. ತಜ್ಞರ ಮಾತು ಕಾನೂನಾಗಲು ಹದಿಮೂರು ವರ್ಷ ಹಿಡಿಯಿತು ಎಂಬುದನ್ನು ಇಲ್ಲಿ ಗಮನಿಸಬೇಕು. ಈ ನಡುವೆ ಭೌತವಿಜ್ಞಾನಿ ಗೆರ್ಹಾರ್ಟ್ ರಾಥೆನೌ ನೇತೃತ್ವದ ಸಲಹಾ ಗುಂಪು ಮೈಕ್ರೋಚಿಪ್‌ಗಳಿಂದ ಸಮಾಜದ ಮೇಲಾಗುವ ಪರಿಣಾಮಗಳನ್ನು ಪರಿಶೀಲಿಸಿತು. ಅದರ ಶಿಫಾರಸಿನ ಫಲವಾಗಿ 1986ರಲ್ಲಿ ಹುಟ್ಟಿದ ತಂತ್ರಜ್ಞಾನ ಮೌಲ್ಯಮಾಪನ ಸಂಸ್ಥೆ 1994ರಿಂದ ಆತನ ಹೆಸರನ್ನೇ ಹೊತ್ತು, ಇಂದಿಗೂ ಸಂಸತ್ತಿಗೆ ಸಲಹೆ ಕೊಡುತ್ತಿದೆ.

ಇಷ್ಟೆಲ್ಲ ಕಾವಲಿದ್ದ ದೇಶದಲ್ಲೇ ಶಿಶುಪಾಲನಾ ಭತ್ಯೆಯ ಹಗರಣ ನಡೆಯಿತು. ದುಡಿಯುವ ತಂದೆತಾಯಿ ಮಕ್ಕಳನ್ನು ಪಾಲನಾ ಕೇಂದ್ರಕ್ಕೆ ಬಿಡಲು ತಗಲುವ ವೆಚ್ಚದ ಬಹುಪಾಲನ್ನು ಸರ್ಕಾರ ಮುಂಗಡವಾಗಿ ಕೊಟ್ಟು, ವರ್ಷದ ಕೊನೆಗೆ ಲೆಕ್ಕ ಚುಕ್ತಾ ಮಾಡುವ ಈ ಭತ್ಯೆಯ ಹೊಣೆ 2005ರ ಕಾಯ್ದೆಯಿಂದ ತೆರಿಗೆ ಇಲಾಖೆಯ ಪಾಲಾಯಿತು. ಒಂದು ಸಹಿ ತಪ್ಪಿದರೂ, ಪೋಷಕರು ಕೊಡಬೇಕಾದ ಸಣ್ಣ ಪಾಲಿನಲ್ಲಿ ಕೆಲವು ಯೂರೋ ಬಾಕಿ ಉಳಿದರೂ ಇಡೀ ವರ್ಷದ ಭತ್ಯೆಯನ್ನು ಮರಳಿ ಕಟ್ಟಬೇಕು ಎಂದು ಇಲಾಖೆ ಕಾಯ್ದೆಯನ್ನು ಓದಿಕೊಂಡಿತು, ಆಡಳಿತ ವ್ಯಾಜ್ಯಗಳ ಉನ್ನತ ನ್ಯಾಯಪೀಠವಾದ ರಾಜ್ಯ ಪರಿಷತ್ತು 2019ರ ಅಕ್ಟೋಬರ್‌ವರೆಗೂ ಆ ಓದನ್ನೇ ಎತ್ತಿಹಿಡಿಯಿತು. ಹತ್ತಾರು ಸಾವಿರ ಯೂರೋಗಳ ಬೇಡಿಕೆ ಪತ್ರ ಬಂದ ಕುಟುಂಬಗಳು ಮನೆ ಕಳೆದುಕೊಂಡವು, ಸಂಸಾರಗಳು ಒಡೆದವು. ಉದ್ದೇಶಪೂರ್ವಕ ತಪ್ಪೆಂಬ ಮುದ್ರೆ ಬಿದ್ದವರಿಗೆ ಕಂತಿನಲ್ಲಿ ತೀರಿಸುವ ಅವಕಾಶವೂ ಇರಲಿಲ್ಲ.

ಇಂಥ ಕಟುವಾದ ಕಾಯ್ದೆಗೆ ಯಂತ್ರ ಬಂದು ಸೇರಿದ್ದು 2013ರಲ್ಲಿ. ಬಲ್ಗೇರಿಯಾದಿಂದ ಜನರನ್ನು ಕರೆತಂದು ಸುಳ್ಳು ವಿಳಾಸದಲ್ಲಿ ಭತ್ಯೆ ಪಡೆಯುತ್ತಿದ್ದ ಜಾಲವೊಂದನ್ನು ಆ ವರ್ಷ ದೂರದರ್ಶನ ಬಯಲು ಮಾಡಿದಾಗ, ವಂಚನೆ ತಡೆಯಿರೆಂಬ ಕೂಗು ಸಂಸತ್ತಿನ ಎಲ್ಲ ಬದಿಯಿಂದಲೂ ಎದ್ದಿತು. ಇಲಾಖೆ ಅಪಾಯ ವರ್ಗೀಕರಣ ಮಾದರಿಯೆಂಬ ಸಾಧನವನ್ನು ಬಳಕೆಗೆ ತಂದಿತು. ಹಿಂದಿನ ಸರಿ ಅರ್ಜಿಗಳನ್ನೂ ತಪ್ಪು ಅರ್ಜಿಗಳನ್ನೂ ನೋಡಿ ತಾನೇ ಕಲಿಯುತ್ತ ಹೋಗಿ, ಪ್ರತಿ ಹೊಸ ಅರ್ಜಿಗೂ ಸೊನ್ನೆಯಿಂದ ಒಂದರೊಳಗಿನ ಅಂಕ ಹಾಕುವುದು ಅದರ ಕೆಲಸ. ಅಂಕ ಹೆಚ್ಚಾದ ಅರ್ಜಿ ಗುಮಾಸ್ತನ ಮೇಜಿಗೆ ಬರುತ್ತಿತ್ತು, ಆದರೆ ಅಂಕ ಯಾಕೆ ಹೆಚ್ಚಾಯಿತೆಂದು ಗುಮಾಸ್ತನಿಗೂ ತಿಳಿಯುತ್ತಿರಲಿಲ್ಲ. ಮನುಷ್ಯನೇ ಕೊನೆಯ ತೀರ್ಮಾನ ಮಾಡುತ್ತಾನೆ ಎಂಬ ಸಮಾಧಾನದ ಮಾತಿಗೆ ಇಲ್ಲಿ ಅರ್ಥವೇ ಉಳಿಯಲಿಲ್ಲ, ಏಕೆಂದರೆ ಸಂಶಯದ ಮುದ್ರೆಯೊಂದಿಗೇ ಬಂದ ಕಡತವನ್ನು ಕಾರಣ ಗೊತ್ತಿಲ್ಲದವನು ಸಂಶಯದಿಂದಲೇ ಓದುತ್ತಾನೆ. ಅರ್ಜಿದಾರ ಡಚ್ ಪ್ರಜೆಯೇ ಅಲ್ಲವೇ ಎಂಬುದು ಮಾದರಿಯ ಸೂಚಕಗಳಲ್ಲಿ ಒಂದಾಗಿತ್ತು, 2018ರ ಅಕ್ಟೋಬರ್‌ವರೆಗೆ ಅದು ಬಳಕೆಯಲ್ಲಿತ್ತು ಎಂದು ದತ್ತಾಂಶ ರಕ್ಷಣಾ ಪ್ರಾಧಿಕಾರ 2020ರ ಜುಲೈನಲ್ಲಿ ವರದಿ ಮಾಡಿತು. ಇಂಥ ಅಕ್ರಮ ದತ್ತಾಂಶ ಬಳಕೆಗಾಗಿ ಮರುವರ್ಷದ ಡಿಸೆಂಬರಿನಲ್ಲಿ ಇಲಾಖೆಗೆ 27.5 ಲಕ್ಷ ಯೂರೋ ದಂಡ ಬಿತ್ತು. ಸರ್ಕಾರದ ಒಂದು ಅಂಗ ಇನ್ನೊಂದಕ್ಕೆ ಕಟ್ಟಿದ ಈ ದಂಡದಿಂದ ಸಂತ್ರಸ್ತರಿಗೆ ಬಿಡಿಗಾಸೂ ಸಿಗಲಿಲ್ಲ.

ಈ ಪ್ರಕರಣದಲ್ಲಿ ಗಮನ ಕೊಟ್ಟು ಓದಬೇಕಾದದ್ದು ಇಲಾಖೆಯೊಳಗಿನ ಒಂದು ಕಾಗದ. 2017ರ ಮಾರ್ಚ್ 13ರಂದು ಭತ್ಯೆ ವಿಭಾಗದ ಕಾನೂನು ತಜ್ಞೆ ಸಾಂದ್ರಾ ಪಾಲ್ಮೆನ್, ಐಂಡ್‌ಹೋವೆನ್ ನಗರದ ಪಾಲನಾ ಸಂಸ್ಥೆಯೊಂದರ ಪೋಷಕರ ಭತ್ಯೆಯನ್ನು ಸಾರಾಸಗಟಾಗಿ ನಿಲ್ಲಿಸಿದ ಪ್ರಕರಣದ ಕಡತಗಳನ್ನು ಓದಿ, ಇಲಾಖೆಯ ನಡೆ ಖಂಡನಾರ್ಹವಾದದ್ದು, ಪೋಷಕರಿಗೆ ಪರಿಹಾರ ಕೊಡಬೇಕು ಎಂದು ಮೇಲಧಿಕಾರಿಗಳಿಗೆ ಟಿಪ್ಪಣಿ ಬರೆದರು. ಅದೇ ವರ್ಷದ ಆಗಸ್ಟಿನಲ್ಲಿ ಜನರ ದೂರುಗಳನ್ನು ವಿಚಾರಿಸುವ ಸ್ವತಂತ್ರ ಅಧಿಕಾರಿಯಾದ ರಾಷ್ಟ್ರೀಯ ಒಂಬುಡ್ಸ್‌ಮನ್ ಕೂಡ ಬಹುಮಟ್ಟಿಗೆ ಅದೇ ಅರ್ಥದ ವರದಿ ಕೊಟ್ಟರು. ಒಳಗಿನ ತಜ್ಞೆಯ ಮಾತೂ ಹೊರಗಿನ ತನಿಖೆಯೂ ಒಂದೇ ದಿಕ್ಕಿಗೆ ಬೆರಳು ತೋರಿಸಿದರೂ ಇಲಾಖೆ ಅಲುಗಲಿಲ್ಲ, ಟಿಪ್ಪಣಿ 2020ರ ಅಕ್ಟೋಬರ್‌ವರೆಗೆ ಸಂಸತ್ತಿನ ಕೈಸೇರಲಿಲ್ಲ. ಕಡೆಗೂ ಸತ್ಯ ಹೊರಬಿದ್ದದ್ದು ಪೀಟರ್ ಒಮ್‌ಟ್ಸಿಖ್ತ್, ರೆನ್ಸ್ಕೆ ಲೈಟನ್ ಎಂಬ ಇಬ್ಬರು ಸಂಸದರ ಪಟ್ಟು ಬಿಡದ ಪ್ರಶ್ನೆಗಳಿಂದ, ‘ತ್ರೌ’ ಪತ್ರಿಕೆ ಮತ್ತು ಆರ್‌ಟಿಎಲ್ ವಾಹಿನಿಯ ವರದಿಗಾರರ ಶ್ರಮದಿಂದ, ಪೋಷಕರ ಪರ ವಾದಿಸಿದ ವಕೀಲೆ ಏವಾ ಗೊನ್ಸಾಲೆಸ್ ಪೆರೆಸ್ ಅವರ ಛಲದಿಂದ. ಸಂಸದೀಯ ವಿಚಾರಣಾ ಸಮಿತಿ 2020ರ ಡಿಸೆಂಬರ್ 17ರಂದು ‘ಹಿಂದೆಂದೂ ಕಾಣದ ಅನ್ಯಾಯ’ ಎಂಬರ್ಥದ ಹೆಸರಿನ ವರದಿ ಮಂಡಿಸಿತು, 2021ರ ಜನವರಿ 15ರಂದು ಮಾರ್ಕ್ ರುಟ್ಟೆ ಅವರ ಸಚಿವ ಸಂಪುಟ ರಾಜೀನಾಮೆ ಕೊಟ್ಟಿತು. ಇಲ್ಲಿ ಯಂತ್ರವನ್ನೇ ಖಳನಾಗಿ ಮಾಡುವುದು ಸುಲಭ, ಆದರೆ ಸರಿಯಲ್ಲ. ಯಂತ್ರ ಆರಿಸಿ ಕೊಟ್ಟವರನ್ನು ಹಿಂಡಿದ್ದು ಕಾಯ್ದೆ, ಕಾಯ್ದೆಯ ಕಟುತನಕ್ಕೆ ಅಂಕಿತ ಹಾಕಿದ್ದು ನ್ಯಾಯಪೀಠ, ಎಚ್ಚರಿಸಿದ ತಜ್ಞೆಯ ಟಿಪ್ಪಣಿಯನ್ನು ಮೂಲೆಗೆ ತಳ್ಳಿದ್ದು ಅಧಿಕಾರಿ ವರ್ಗ.

ಇದೇ ಕಾಲಕ್ಕೆ ಇನ್ನೊಂದು ದಾರಿಯಲ್ಲಿ ಉಸ್ತುವಾರಿಗೆ ಬಲ ಬಂದಿತು. ಸಿರಿ ಎಂಬ ಸಂಕ್ಷಿಪ್ತ ಹೆಸರಿನ ವ್ಯವಸ್ಥೆಗೆ ತೆರಿಗೆ, ಉದ್ಯೋಗ, ಸಾಲ, ವಸತಿ ಮೊದಲಾದ 17 ಬಗೆಯ ಸರ್ಕಾರಿ ದತ್ತಾಂಶಗಳನ್ನು ಒಂದುಗೂಡಿಸಿ, ಬಡವರೇ ಹೆಚ್ಚಿರುವ ಬಡಾವಣೆಗಳಲ್ಲಿ ವಂಚಕರಾಗಬಹುದಾದವರ ಪಟ್ಟಿ ಮಾಡಲು ಕಾನೂನು ಅನುಮತಿ ಕೊಟ್ಟಿತ್ತು. ಕಾನೂನಿನ ಕರಡು ಹಂತದಲ್ಲೇ ರಾಜ್ಯ ಪರಿಷತ್ತಿನ ಸಲಹಾ ವಿಭಾಗ ಈ ದತ್ತಾಂಶ ಪಟ್ಟಿಯ ವಿಸ್ತಾರಕ್ಕೆ ಆಕ್ಷೇಪ ಎತ್ತಿತ್ತು, ಸರ್ಕಾರ ಅದನ್ನು ಗಣಿಸದೆ ಮುಂದುವರಿಯಿತು. ನಾಗರಿಕ ಹಕ್ಕುಗಳ ಸಂಘಟನೆಗಳು, ಕಾರ್ಮಿಕ ಸಂಘ, ಟಾಮಿ ವೀರಿಂಗಾ ಹಾಗೂ ಮ್ಯಾಕ್ಸಿಮ್ ಫೆಬ್ರುವಾರಿ ಎಂಬ ಇಬ್ಬರು ಲೇಖಕರು ಸೇರಿ ದಾವೆ ಹೂಡಿದರು, ತೀವ್ರ ಬಡತನ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಫಿಲಿಪ್ ಆಲ್‌ಸ್ಟನ್ ನ್ಯಾಯಾಲಯಕ್ಕೆ ತಮ್ಮ ಅಭಿಪ್ರಾಯ ಬರೆದು ಕಳುಹಿಸಿದರು. ಮಾದರಿ ಹೇಗೆ ಕೆಲಸ ಮಾಡುತ್ತದೆಂದು ಹೇಳಿದರೆ ವಂಚಕರು ಎಚ್ಚೆತ್ತುಕೊಳ್ಳುತ್ತಾರೆಂಬ ವಾದ ಹೂಡಿದ ಸರ್ಕಾರ ಅದರ ವಿವರವನ್ನು ನ್ಯಾಯಾಲಯಕ್ಕೂ ಕೊಡಲಿಲ್ಲ. ಪರಿಶೀಲಿಸಲಾಗದ್ದನ್ನು ಒಪ್ಪಲಾಗದೆಂಬ ನೆಲೆಯಿಂದ ಹೇಗ್ ಜಿಲ್ಲಾ ನ್ಯಾಯಾಲಯ 2020ರ ಫೆಬ್ರುವರಿ 5ರಂದು, ಈ ಕಾನೂನು ಖಾಸಗಿ ಬದುಕನ್ನು ರಕ್ಷಿಸುವ ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿಗೆ ವಿರುದ್ಧವೆಂದು ತೀರ್ಪಿತ್ತಿತು. ಸರ್ಕಾರ ಮೇಲ್ಮನವಿ ಸಲ್ಲಿಸಲಿಲ್ಲ.

ನ್ಯಾಯಾಲಯ ಬಂದದ್ದು ಕಾಯಿಲೆ ಬಲಿತ ಮೇಲೆ; ನಿತ್ಯದ ತಪಾಸಣೆಗೆ ಬೇರೆಯೇ ಸಂಸ್ಥೆ ಬೇಕಿತ್ತು, ಅದನ್ನು ಒದಗಿಸಿದ್ದು ಹಳೆಯದೊಂದು ಕಸುಬು. ಸರ್ಕಾರದ ಖರ್ಚುವೆಚ್ಚವನ್ನು ಪರಿಶೀಲಿಸುವ, ಭಾರತದ ಮಹಾಲೇಖಪಾಲರ ಸಂಸ್ಥೆಗೆ ಸಮನಾದ ಡಚ್ ಲೆಕ್ಕಪರಿಶೋಧನಾ ನ್ಯಾಯಮಂಡಳಿ 2021ರ ಜನವರಿಯಲ್ಲಿ ಅಲ್ಗಾರಿದಮ್‌ಗಳನ್ನು, ಅಂದರೆ ಹಂತಹಂತವಾಗಿ ಲೆಕ್ಕ ಹಾಕಿ ತೀರ್ಮಾನಕ್ಕೆ ಬರುವ ಕ್ರಮಗಳನ್ನು, ಪರಿಶೋಧಿಸಲು ಬೇಕಾದ ಪ್ರಶ್ನಾವಳಿಯೊಂದನ್ನು ಪ್ರಕಟಿಸಿತು. ಇದಕ್ಕೆ ಯಾರು ಹೊಣೆ, ದತ್ತಾಂಶ ಎಲ್ಲಿಂದ ಬಂತು, ಪಕ್ಷಪಾತವಿದೆಯೇ ಎಂದು ಯಾರಾದರೂ ನೋಡಿದ್ದಾರೆಯೇ, ಬೀಗದ ಕೈ ಯಾರ ಬಳಿಯಿದೆ ಎಂಬ ಸರಳ ಪ್ರಶ್ನೆಗಳೇ ಅದರ ತಿರುಳು. 2022ರ ಮೇ ತಿಂಗಳಲ್ಲಿ ಬಳಕೆಯಲ್ಲಿದ್ದ ಒಂಬತ್ತು ಅಲ್ಗಾರಿದಮ್‌ಗಳನ್ನು ಅದೇ ಪ್ರಶ್ನೆಗಳಿಂದ ಒರೆಗೆ ಹಚ್ಚಿದಾಗ ಮೂಲ ಅಗತ್ಯಗಳನ್ನು ಪೂರೈಸಿದ್ದು ಮೂರು ಮಾತ್ರ. ಅಪರಾಧ ಎಲ್ಲಿ ನಡೆಯಬಹುದೆಂದು ಊಹಿಸುವ ಪೊಲೀಸರ ವ್ಯವಸ್ಥೆಯೂ ಉಳಿದ ಆರರ ಪಾಲಿಗೆ ಸೇರಿತು. ಗುತ್ತಿಗೆಗೆ ಕೊಟ್ಟು ಮಾಡಿಸಿದ ಕೆಲವು ವ್ಯವಸ್ಥೆಗಳಲ್ಲಿ ಹೊಣೆ ಯಾರದೆಂಬುದಕ್ಕೆ ಒಪ್ಪಂದವೇ ಇರಲಿಲ್ಲ.

ನಗರಗಳ ಮಟ್ಟದಲ್ಲೂ ಇದೇ ನಡೆಯಿತು. ರಾಟರ್‌ಡ್ಯಾಮ್ ನಗರ ತನ್ನ ಜೀವನಾಧಾರ ಭತ್ಯೆ ಪಡೆಯುವವರಲ್ಲಿ ಯಾರನ್ನು ವಿಚಾರಣೆಗೆ ಕರೆಯಬೇಕೆಂದು 2017ರಿಂದ ಒಂದು ಮಾದರಿಯಿಂದ ಕೇಳಿ ತಿಳಿಯುತ್ತಿತ್ತು. ಅದಕ್ಕೆ ಉಣಿಸುತ್ತಿದ್ದ 315 ಅಂಶಗಳಲ್ಲಿ ವಯಸ್ಸು, ಡಚ್ ಭಾಷೆಯ ಬಳಕೆ, ಹಿಂದಿನ ದಾಂಪತ್ಯ ಎಷ್ಟು ಕಾಲ ಬಾಳಿತು ಎಂಬುದು, ವ್ಯಕ್ತಿಯ ತೋರಿಕೆಯ ಬಗ್ಗೆ ಗುಮಾಸ್ತರು ಗೀಚಿಟ್ಟ ಅನಿಸಿಕೆಗಳು ಎಲ್ಲವೂ ಇದ್ದವು. ನಗರದ್ದೇ ಆದ ಲೆಕ್ಕಪರಿಶೋಧನಾ ಸಂಸ್ಥೆ 2021ರಲ್ಲಿ ಪಕ್ಷಪಾತದ ಅಪಾಯವನ್ನು ಎತ್ತಿ ತೋರಿಸಿತು, ಅದೇ ವರ್ಷ ನಗರಾಡಳಿತ ಬಳಕೆ ನಿಲ್ಲಿಸಿತು. ಆಮೇಲೆ ಕೇಳಿದ ಪತ್ರಕರ್ತರಿಗೆ ಮಾದರಿಯನ್ನೇ ಬಿಚ್ಚಿಕೊಟ್ಟ ರಾಟರ್‌ಡ್ಯಾಮ್‌ನ ಧೈರ್ಯಕ್ಕೆ ಮೆಚ್ಚುಗೆ ಸಲ್ಲಲೇಬೇಕು, ಅಷ್ಟು ಮುಕ್ತವಾಗಿ ನಡೆದುಕೊಂಡ ಆಡಳಿತಗಳು ವಿರಳ.

2022ರ ಡಿಸೆಂಬರಿನಲ್ಲಿ ಸರ್ಕಾರಿ ಅಲ್ಗಾರಿದಮ್‌ಗಳ ರಾಷ್ಟ್ರೀಯ ಸಾರ್ವಜನಿಕ ನೋಂದಣಿ ಪುಸ್ತಕ ತೆರೆಯಿತು, ಮರುತಿಂಗಳು ದತ್ತಾಂಶ ರಕ್ಷಣಾ ಪ್ರಾಧಿಕಾರಕ್ಕೆ ಅಲ್ಗಾರಿದಮ್ ಉಸ್ತುವಾರಿಯನ್ನು ಸಂಯೋಜಿಸುವ ಹೊಣೆಯೂ ಬಂದಿತು. ಆದರೆ 2023ರಲ್ಲಿ ವಿದ್ಯಾರ್ಥಿ ವೇತನದ ಇಲಾಖೆಯ ಸರದಿ ಬಂತು: ಮನೆಯಿಂದ ದೂರ ಇರುವ ವಿದ್ಯಾರ್ಥಿಗಳಿಗೆ ಸಿಗುವ ಹೆಚ್ಚಿನ ವೇತನದಲ್ಲಿ ವಂಚನೆ ಹುಡುಕಲು ಬಳಸಿದ ಅಂಕ ಪದ್ಧತಿಯಿಂದ ವಲಸೆ ಹಿನ್ನೆಲೆಯವರೇ ಹೆಚ್ಚಾಗಿ ಸಿಕ್ಕಿಬಿದ್ದಿದ್ದರು. ಸಚಿವರು 2024ರ ಮಾರ್ಚಿನಲ್ಲಿ ಕ್ಷಮೆ ಕೇಳಿದರು, ಆ ನವೆಂಬರಿನಲ್ಲಿ ದಂಡ ಕಟ್ಟಿದವರಿಗೆ ಹಣ ಮರಳಿಸಲು 6.1 ಕೋಟಿ ಯೂರೋ ತೆಗೆದಿಡಲಾಯಿತು. ಅದೇ ವರ್ಷದ ಕೊನೆಗೆ, ಭತ್ಯೆ ಹಗರಣದ ಪರಿಹಾರದ ಹೊಣೆ ಹೊತ್ತ ರಾಜ್ಯ ಸಚಿವೆಯಾಗಿ ಅಧಿಕಾರಕ್ಕೆ ಬಂದವರು ಸಾಂದ್ರಾ ಪಾಲ್ಮೆನ್.

ಆಡಳಿತದೊಳಗಿನ ಒಟ್ಟು ಸ್ಥಿತಿಯ ಬಗ್ಗೆ ಲೆಕ್ಕಪರಿಶೋಧನಾ ನ್ಯಾಯಮಂಡಳಿ 2024ರ ಅಕ್ಟೋಬರಿನಲ್ಲಿ ಕೊಟ್ಟ ವರದಿಯೇ ಈಗಿನ ಮಟ್ಟಿಗೆ ಅತ್ಯಂತ ಸ್ಪಷ್ಟವಾದ ಅಳತೆ. ಎಪ್ಪತ್ತು ಕೇಂದ್ರ ಸರ್ಕಾರಿ ಸಂಸ್ಥೆಗಳು ತಮ್ಮಲ್ಲಿ 433 ಕೃತಕ ಬುದ್ಧಿಮತ್ತೆ ವ್ಯವಸ್ಥೆಗಳಿವೆಯೆಂದು ಒಪ್ಪಿಕೊಂಡವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಅಪಾಯವನ್ನು ಯಾರೂ ತೂಗಿ ನೋಡಿರಲಿಲ್ಲ, ಸಾರ್ವಜನಿಕ ನೋಂದಣಿ ಪುಸ್ತಕದಲ್ಲಿ ದಾಖಲಾಗಿದ್ದುದು ಶೇ. 5ರಷ್ಟು ಮಾತ್ರ. ಪುಸ್ತಕದಲ್ಲಿ ಹೆಸರು ಬರೆಸುವುದನ್ನು ಆಗ ಯಾವ ಕಾನೂನೂ ಕಡ್ಡಾಯ ಮಾಡಿರಲಿಲ್ಲ.