ಟ್ರೀ ಕಂಟ್ರೋಲ್ ಅನಿಮೇಷನ್

ಕಂಪ್ಯೂಟರ್ ತೆರೆಯಲ್ಲಿ ಕವಲುಕವಲಾಗಿ ಬಿಚ್ಚಿಕೊಳ್ಳುವ ಪಟ್ಟಿಗೆ ಟ್ರೀ ಕಂಟ್ರೋಲ್ ಎನ್ನುತ್ತಾರೆ. ಅದರ ಕವಲು ತೆರೆದು ಮುಚ್ಚುವುದನ್ನು ಪ್ರೋಗ್ರಾಮ್ ಬರೆದು ಚಲನೆಯಾಗಿ ತೋರಿಸುವುದು ಟ್ರೀ ಅನಿಮೇಷನ್. ದೇವಸುಗೂರಿನ ಬಳಿ ಶಕ್ತಿನಗರದಲ್ಲಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರವನ್ನು ಇಂಥ ಪಟ್ಟಿಯಾಗಿ ಕಲ್ಪಿಸಿಕೊಳ್ಳಬಹುದು. ಮೊದಲಿಗೆ ಕಾಣುವುದು 8 ಘಟಕಗಳು. 2ನೆಯದನ್ನು ಒತ್ತಿದೊಡನೆ ಅದರ ಬಾಯ್ಲರ್, ಟರ್ಬೈನ್, ಜನರೇಟರ್ ಸಾಲುಗಳು ನಡುವೆ ನುಗ್ಗಿ ಅದರ ಕೆಳಗಿನ 6 ಘಟಕಗಳು ಥಟ್ಟನೆ ಕೆಳಕ್ಕೆ ಹೋಗುತ್ತವೆ, ಕಣ್ಣು ದಿಕ್ಕು ತಪ್ಪುತ್ತದೆ. ಸಾಲುಗಳು ಕಾಣುವಂತೆ ಸರಿದರೆ ಮತ್ತೆ ಹುಡುಕಬೇಕಿಲ್ಲ. ಈ ಚಲನೆಗೆ ಇರುವ ಗಟ್ಟಿ ಸಮರ್ಥನೆ ಇದೊಂದೇ, ಉಳಿದದ್ದೆಲ್ಲ ಅಲಂಕಾರ.

ಪಟ್ಟಿಯನ್ನು ಹಂತಹಂತವಾಗಿ ಮಡಚಿ ತೋರಿಸುವುದನ್ನು ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗೆಲ್ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ರದರ್ಶಿಸಿದರು. 1991ರಲ್ಲಿ ಮ್ಯಾಕಿಂಟಾಷ್‌ನ ಸಿಸ್ಟಮ್ 7 ಪುಟ್ಟ ತ್ರಿಕೋನ ಗುಂಡಿಗಳನ್ನು ತಂದಿತು. ಅದೇ ವರ್ಷ ಸಂಶೋಧನಾ ಕೇಂದ್ರವಾದ ಜೆರಾಕ್ಸ್ ಪಾರ್ಕ್‌ನ ರಾಬರ್ಟ್‌ಸನ್, ಮೆಕಿನ್ಲೆ, ಕಾರ್ಡ್ ಮೂವರೂ ಮೂರು ಆಯಾಮದ ‘ಕೋನ್ ಟ್ರೀ’ಯನ್ನು ಮುಂದಿಟ್ಟರು. ಆರಿಸಿದ ಕವಲು ನಿಧಾನವಾಗಿ ತಿರುಗಿ ಎದುರಿಗೆ ಬರುತ್ತಿತ್ತು. ಬುದ್ಧಿಯ ಹೊರೆಯನ್ನು ಕಣ್ಣಿಗೆ ವರ್ಗಾಯಿಸುವುದು ಅವರ ಉದ್ದೇಶ. ಮನೆಮನೆಗೆ ಬಂದದ್ದು ಮಾತ್ರ ವಿಂಡೋಸ್ 95ರ ಕೂಡು–ಕಳೆ ಚೌಕ; ಅದರಲ್ಲಿ ಚಲನೆಯೇ ಇರಲಿಲ್ಲ.

ಪ್ರೋಗ್ರಾಮರ್‌ಗಳಿಗೆ 2006 ಮುಖ್ಯ ವರ್ಷ. ತಂತ್ರಾಂಶದ ಕಿಟಕಿ, ಪಟ್ಟಿಗಳನ್ನು ಕಟ್ಟಲು ನೆರವಾಗುವ ಕ್ಯೂಟಿ ಎಂಬ ಸಾಧನದ 4.2 ಆವೃತ್ತಿಯಲ್ಲಿ ಕವಲುಗಳ ಚಲನೆಗೆ ‘ಸೆಟ್‌ಅನಿಮೇಟೆಡ್’ ಎಂಬ ಒಂದೇ ಸಾಲಿನ ಆದೇಶ ಸಾಕಾಯಿತು. ಕ್ಯೂಟಿ ಒಳಗೆ ಮಾಡುವ ಉಪಾಯ ಸರಳ: ತೆರೆಯುವ ಮುಂಚಿನ ಹಾಗೂ ನಂತರದ ನೋಟಗಳನ್ನು ಚಿತ್ರಗಳಾಗಿ ಹಿಡಿದು, ಆ ಚಿತ್ರಗಳನ್ನಷ್ಟೇ ಸರಿಸುವುದು. ಕನ್ನಡದಂಥ ಲಿಪಿಗೆ ಇದು ಅನುಕೂಲ. ಒತ್ತಕ್ಷರಗಳನ್ನು ಪ್ರತಿ ಚೌಕಟ್ಟಿಗೂ ಹೊಸದಾಗಿ ಜೋಡಿಸಬೇಕಿಲ್ಲ. ಅದೇ ವರ್ಷ ಬಂದ ಮೈಕ್ರೋಸಾಫ್ಟ್‌ನ ಡಬ್ಲ್ಯೂಪಿಎಫ್ ಎಂಬ ಅಂಥದೇ ಸಾಧನದಲ್ಲಿ ಅನಿಮೇಷನ್ ಸಲಕರಣೆಗಳು ಧಾರಾಳವಾಗಿದ್ದವು, ಆದರೆ ‘ಆಟೋ’ ಎಂದು, ಅಂದರೆ ಒಳಗಿನ ಸಾಲುಗಳಿಗೆ ತಕ್ಕಂತೆ ತಾನೇ ಹೊಂದಿಕೊಳ್ಳಲಿ ಎಂದು, ಬಿಟ್ಟ ಎತ್ತರವನ್ನು ಅನಿಮೇಟ್ ಮಾಡಲು ಬರುತ್ತಿರಲಿಲ್ಲ. ಹಾಗಾಗಿ ಹಲವರು ಕವಲನ್ನು ಲಂಬವಾಗಿ ಕುಗ್ಗಿಸಿ ಹಿಗ್ಗಿಸುವ ಅಡ್ಡದಾರಿ ಹಿಡಿದರು. ಅದರಲ್ಲಿ ಅಕ್ಷರಗಳೂ ಚಪ್ಪಟೆಯಾಗುತ್ತವೆ. ‘ಶಕ್ತಿನಗರ’ದ ತಾವತ್ತು ಕ್ಷಣಕಾಲ ಗೀರಾಗಿಬಿಡುತ್ತದೆ. ಮ್ಯಾಕ್‌ನಲ್ಲಿ ಸಾಲುಗಳನ್ನು ಚಲನೆಯೊಂದಿಗೆ ಸೇರಿಸುವ ಸಿದ್ಧ ಆದೇಶ 2011ರ ಲಯನ್ ಆವೃತ್ತಿಯಲ್ಲಿ ಬಂತು.

ಚಲನೆ ಕಂಡರೆ ತಲೆ ಸುತ್ತುವವರೂ ಇದ್ದಾರೆ. ಕಿಟಕಿಯೊಳಗಿನ ಅನಿಮೇಷನ್ ಬೇಕೇ ಬೇಡವೇ ಎಂಬ ಬಳಕೆದಾರರ ಆಯ್ಕೆಯನ್ನು ಪ್ರೋಗ್ರಾಮ್ ಕೇಳಿ ತಿಳಿಯುವ ವ್ಯವಸ್ಥೆ ವಿಂಡೋಸ್ ವಿಸ್ತಾದಿಂದ ಇದೆ. ಅದನ್ನು ಕೇಳದೆ ಸಾಲುಗಳನ್ನು ಕುಣಿಸುವ ತಂತ್ರಾಂಶ ಎಷ್ಟೇ ನಯವಾಗಿದ್ದರೂ ಅರೆಬರೆ ಕೆಲಸವೇ.