‘ಬಹುಶಃ’ ಎಂಬ ಮಾತಿನ ಚರಿತ್ರೆ

ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳು ‘ನನಗೆ ತೋರುವಂತೆ’, ‘ಬಹುಶಃ’, ‘ಹೀಗಿರುವುದು ಅಸಂಭವವಲ್ಲ’ ಎಂಬರ್ಥದ ಮಾತುಗಳನ್ನು ಕಂಠಪಾಠ ಮಾಡುವುದುಂಟು. ಇವು ಬರಿಯ ಅಲಂಕಾರಗಳಲ್ಲ.

1580ರಲ್ಲಿ ಫ್ರಾನ್ಸಿನ ಮಾಂಟೇನನು ತನ್ನ ಬರಹಗಳನ್ನು ‘ಎಸ್ಸೇ’ ಎಂದು ಕರೆದನು. ಪ್ರಯತ್ನ, ಪರೀಕ್ಷೆ ಎಂದು ಅದರ ಅರ್ಥ. 1597ರಲ್ಲಿ ಬೇಕನ್ನನು ಅದೇ ಹೆಸರಿನಿಂದ ಹತ್ತು ಇಂಗ್ಲಿಷ್ ಪ್ರಬಂಧಗಳನ್ನು ಪ್ರಕಟಿಸಿದನು. ಆದರೆ ಆತನ ವಾಕ್ಯಗಳು ಸೂತ್ರಪ್ರಾಯವಾದವು. ಸಂದೇಹಕ್ಕೆ ಅಲ್ಲಿ ಎಡೆ ಕಡಮೆ.

ಸಂದೇಹಕ್ಕೆ ಮರ್ಯಾದೆಯ ಸ್ಥಾನವನ್ನು ಕೊಟ್ಟವರಲ್ಲಿ ವಿಜ್ಞಾನಿಯಾದ ರಾಬರ್ಟ್ ಬಾಯ್ಲನು ಪ್ರಮುಖನು. 1661ರ ತನ್ನ ಪ್ರಬಂಧಗಳ ಪೀಠಿಕೆಯಲ್ಲಿ, ಇಂತಹ ಸಂಶಯಸೂಚಕ ಮಾತುಗಳನ್ನು ತಾನು ಪದೇಪದೇ ಬಳಸುವುದೇಕೆಂಬುದನ್ನು ಆತನೇ ವಿವರಿಸಿರುವನು. ಪ್ರಯೋಗದಲ್ಲಿ ಕಂಡುದನ್ನು ಧೈರ್ಯವಾಗಿ ಹೇಳಬೇಕು. ಅದರ ಕಾರಣವನ್ನು ಊಹಿಸುವಾಗ ಸಂಕೋಚವಿರಬೇಕು. ಗಾಳಿಯ ಕಣಗಳು ಉಣ್ಣೆಯ ಎಳೆಗಳಂತೆ ಅದುಮಿದರೆ ಕುಗ್ಗಿ, ಬಿಟ್ಟರೆ ಹಿಗ್ಗುವುವೆಂದು ಆತನು 1660ರಲ್ಲಿ ಊಹಿಸಿದ್ದನು. ಆ ಊಹೆ ನಿಲ್ಲಲಿಲ್ಲ. ಆದರೆ ಗಾಳಿಯ ಒತ್ತಡಕ್ಕೂ ಗಾತ್ರಕ್ಕೂ ಇರುವ ಸಂಬಂಧವನ್ನು ಕುರಿತು 1662ರಲ್ಲಿ ಪ್ರಕಟಿಸಿದ ನಿಯಮವು ಇಂದಿಗೂ ಪಾಠ್ಯಪುಸ್ತಕಗಳಲ್ಲಿ ಆತನ ಹೆಸರಿನಿಂದಲೇ ಉಳಿದಿದೆ.

ಆದುದರಿಂದ ‘ಬಹುಶಃ’ ಎಂದು ಬರೆಯುವ ಮೊದಲು ವಿದ್ಯಾರ್ಥಿಯು ತನ್ನನ್ನು ತಾನೇ ಕೇಳಿಕೊಳ್ಳಲಿ: ಇದು ನಾನು ಕಂಡುದೋ, ಊಹಿಸಿದುದೋ? ಕಂಡುದಾದರೆ ಆ ಮಾತು ಬೇಕಿಲ್ಲ. ಊಹಿಸಿದುದಾದರೆ ಅದನ್ನು ಬಿಡುವಂತಿಲ್ಲ.