ಡ್ರಾಕುಲಾ: ಲೋಕನಂಬಿಕೆ ಮತ್ತು ಚಿತ್ತಸ್ವಾಸ್ಥ್ಯದ ಪ್ರಶ್ನೆ

ಐರಿಷ್ ಲೇಖಕ ಬ್ರಾಮ್ ಸ್ಟೋಕರ್‌ನ (1847-1912) ‘ಡ್ರಾಕುಲಾ’ ಕಾದಂಬರಿಯು 1897ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಸತ್ತ ಮೇಲೂ ಸಾಯದೆ, ಬದುಕಿರುವವರ ರಕ್ತ ಹೀರಿ ಬಾಳುವ ಟ್ರಾನ್ಸಿಲ್ವೇನಿಯಾದ ಪ್ರಭುವೊಬ್ಬನ ಕಥೆಯಿದು. ಭೀತಿ ಸಾಹಿತ್ಯದ ಮೇರುಕೃತಿಯೆಂದು ಹೆಸರಾದ ಇದು ಜಾನಪದ ಅಧ್ಯಯನಕ್ಕೆ ಬೇರೊಂದು ಕಾರಣದಿಂದ ಮುಖ್ಯವಾಗುತ್ತದೆ. ಲೋಕದ ನಂಬಿಕೆಯನ್ನು ಬುದ್ಧಿಭ್ರಮೆಯೆಂದು ತೀರ್ಪು ಕೊಡುವ ಅಧಿಕಾರ ಯಾರದು ಎಂಬ ಪ್ರಶ್ನೆ ಇದರ ಒಡಲಲ್ಲಿದೆ.

ಈ ಪ್ರಶ್ನೆಗೆ ಕಾದಂಬರಿಗಿಂತ ಹಳೆಯ ಇತಿಹಾಸವಿದೆ. ಹ್ಯಾಬ್ಸ್‌ಬರ್ಗ್ ಆಳ್ವಿಕೆಗೆ ಒಳಪಟ್ಟಿದ್ದ ಸರ್ಬಿಯಾದ ಹಳ್ಳಿಗಳಲ್ಲಿ 1725ರಲ್ಲಿಯೂ 1731-32ರಲ್ಲಿಯೂ, ಸತ್ತವರು ಮರಳಿ ಬಂದು ನೆರೆಹೊರೆಯವರನ್ನು ಕೊಲ್ಲುತ್ತಿದ್ದಾರೆಂಬ ದೂರುಗಳು ಬಂದವು. ಸೇನಾ ಶಸ್ತ್ರವೈದ್ಯ ಯೋಹಾನ್ ಫ್ಲೂಕಿಂಗರ್ 1732ರಲ್ಲಿ ಸಲ್ಲಿಸಿದ ವರದಿಯು ಗೋರಿಗಳಿಂದ ತೆಗೆದ ಕೊಳೆಯದ ಶವಗಳನ್ನು ವಿವರಿಸಿತು. 1755ರಲ್ಲಿ ರಾಣಿ ಮರಿಯಾ ತೆರೇಸಾ ತನ್ನ ವೈದ್ಯ ಗೆರಾರ್ಡ್ ವಾನ್ ಸ್ವೀಟನ್‌ನ ಸಲಹೆಯಂತೆ ಇಂಥ ಆಚರಣೆಗಳನ್ನು ನಿಷೇಧಿಸಿದಳು. ಆದರೆ ಹಳ್ಳಿಗರು ಕಂಡದ್ದು ಸುಳ್ಳಾಗಿರಲಿಲ್ಲ. ಉಬ್ಬಿದ ಒಡಲು, ಬಾಯಿಯ ಬಳಿಯ ರಕ್ತ, ಹಳೆಯ ಚರ್ಮದಡಿ ಕಾಣುವ ಹೊಸ ಚರ್ಮ, ಇವೆಲ್ಲವೂ ಶವ ಕೊಳೆಯುವಾಗಿನ ಸಹಜ ಲಕ್ಷಣಗಳೆಂದು ಪಾಲ್ ಬಾರ್ಬರ್ 1988ರ ತನ್ನ ಅಧ್ಯಯನದಲ್ಲಿ ತೋರಿಸಿದ್ದಾನೆ. ನೋಟ ನಿಖರವಾಗಿತ್ತು, ವ್ಯಾಖ್ಯಾನ ಮಾತ್ರ ಸಮುದಾಯದ್ದಾಗಿತ್ತು.

ಸ್ಟೋಕರ್ ಟ್ರಾನ್ಸಿಲ್ವೇನಿಯಾವನ್ನು ಎಂದೂ ಕಂಡವನಲ್ಲ. 1890ರ ಬೇಸಗೆಯಲ್ಲಿ ವಿಟ್ಬಿ ಪಟ್ಟಣದ ಗ್ರಂಥಾಲಯದಲ್ಲಿ ವಿಲಿಯಂ ವಿಲ್ಕಿನ್‌ಸನ್ನನ 1820ರ ಗ್ರಂಥದಿಂದ ‘ಡ್ರಾಕುಲಾ’ ಎಂಬ ಹೆಸರನ್ನು ಅವನು ಗುರುತುಹಾಕಿಕೊಂಡನು. ಸಂತ ಜಾರ್ಜನ ಹಬ್ಬದ ಹಿಂದಿನ ರಾತ್ರಿ, ನಿಧಿಯ ಮೇಲೆ ಉರಿಯುವ ನೀಲಿ ಜ್ವಾಲೆ ಮೊದಲಾದ ನಂಬಿಕೆಗಳು ಎಮಿಲಿ ಜೆರಾರ್ಡ್‌ಳ 1885ರ ಲೇಖನದಿಂದ ಬಂದವು. ಆಸ್ಟ್ರೋ-ಹಂಗೇರಿಯನ್ ಸೇನಾಧಿಕಾರಿಯ ಪತ್ನಿಯಾಗಿ ಆ ನಾಡಿನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನ ಲೇಖಕಿ ಆಕೆ. ಆಕೆ ದಾಖಲಿಸಿದ ‘ನೊಸ್ಫೆರಾತು’ ಎಂಬ ಪದಕ್ಕೆ ರೊಮೇನಿಯನ್ ಭಾಷೆಯಲ್ಲಿ ಖಚಿತ ಆಧಾರ ದೊರೆತಿಲ್ಲ. ಕೇಳುವಾಗ ಆದ ತಪ್ಪಿನಿಂದ ಅದು ಹುಟ್ಟಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ. ಆದರೂ ಕಾದಂಬರಿಯ ಮೂಲಕ, ಅನಂತರ 1922ರ ಜರ್ಮನ್ ಚಲನಚಿತ್ರದ ಮೂಲಕ ಅದು ಜಗತ್ತಿನಾದ್ಯಂತ ಹಬ್ಬಿತು. ರೊಮೇನಿಯಾದ ಹಳ್ಳಿಗರ ಸ್ವಂತ ಪದವಾದ ‘ಸ್ತ್ರಿಗೋಯ್’ ಹಿಂದೆ ಉಳಿಯಿತು. ಹಳ್ಳಿಯ ನಂಬಿಕೆಯಲ್ಲಿ ಮರಳಿ ಬರುವವನು ಸಾಮಾನ್ಯವಾಗಿ ಪರಿಚಿತ ನೆರೆಯವನು. ಕಾದಂಬರಿಯಲ್ಲಿ ಅವನು ಕೋಟೆಯ ಪ್ರಭುವಾದನು.

ಕಾದಂಬರಿಯಲ್ಲಿ ನಂಬಿಕೆ ಮತ್ತು ವೈದ್ಯವಿಜ್ಞಾನ ಮುಖಾಮುಖಿಯಾಗುತ್ತವೆ. ವಕೀಲ ಜೋನಾಥನ್ ಹಾರ್ಕರ್‌ನ ಕೊರಳಿಗೆ ಬಿಸ್ತ್ರಿತ್ಸಾದ ವಸತಿಗೃಹದ ಮುದುಕಿ ಜಪಮಾಲೆ ಹಾಕುತ್ತಾಳೆ. ಅವನಿಗೆ ಅದೊಂದು ಮೌಢ್ಯ. ಮುಂದೆ ಕೋಟೆಯಿಂದ ಪಾರಾದ ಅವನು ತನ್ನ ಬುದ್ಧಿಯನ್ನೇ ಶಂಕಿಸುತ್ತಾನೆ. ಅವನು ಬರೆದಿಟ್ಟದ್ದೆಲ್ಲ ನಿಜವೆಂದು ಪ್ರಾಧ್ಯಾಪಕ ವಾನ್ ಹೆಲ್ಸಿಂಗ್ ಹೇಳಿದಾಗಲೇ ಚೇತರಿಸಿಕೊಳ್ಳುತ್ತಾನೆ. ಭೂತಕ್ಕಿಂತ ಸಂಶಯವೇ ಅವನ ರೋಗವಾಗಿತ್ತೆಂಬುದು ಗಮನಾರ್ಹ. ಡಾಕ್ಟರ್ ಸೀವರ್ಡ್‌ನ ಹುಚ್ಚಾಸ್ಪತ್ರೆಯಲ್ಲಿ ನೊಣ, ಜೇಡ, ಗುಬ್ಬಚ್ಚಿಗಳನ್ನು ತಿನ್ನುವ ರೆನ್‌ಫೀಲ್ಡ್ ಒಂದು ರಾತ್ರಿ ಸ್ವಸ್ಥಚಿತ್ತನಾಗಿ, ತನ್ನನ್ನು ಅಲ್ಲಿಂದ ಕಳುಹಿಸಬೇಕೆಂದು ಬೇಡುತ್ತಾನೆ. ವೈದ್ಯನು ಅದನ್ನೂ ಉನ್ಮಾದದ ಲಕ್ಷಣವೆಂದೇ ಬಗೆಯುತ್ತಾನೆ. ಪರಿಣಾಮವಾಗಿ ರೆನ್‌ಫೀಲ್ಡ್ ಸಾಯುತ್ತಾನೆ. ಹಾರ್ಕರ್‌ನ ಪತ್ನಿ ಮೀನಾ ಪ್ರಭುವಿಗೆ ಬಲಿಪಶುವಾಗುತ್ತಾಳೆ. ಮಾತಿನ ಸತ್ಯವನ್ನು ಆಡಿದವನ ಸ್ಥಾನದಿಂದ ಅಳೆಯುವ ವ್ಯವಸ್ಥೆಗೆ ಇದು ಕಟುವಾದ ಟೀಕೆ.

ಆದರೆ ಈ ಟೀಕೆಗೂ ಮಿತಿಯಿದೆ. ಹಳ್ಳಿಯ ರಕ್ಷೆಯಾದ ಬೆಳ್ಳುಳ್ಳಿ ಇಲ್ಲಿ ಹಾರ್ಲೆಮ್‌ನ ಗಾಜಿನ ಮನೆಯಿಂದ, ಆಮ್‌ಸ್ಟರ್‌ಡ್ಯಾಮ್‌ನ ಪ್ರಾಧ್ಯಾಪಕನ ಅಪ್ಪಣೆಯ ಮೇರೆಗೆ ಬರುತ್ತದೆ. ಮುದುಕಿ ಹೇಳಿದಾಗ ಮೌಢ್ಯವಾದದ್ದು ಪಂಡಿತ ಹೇಳಿದಾಗ ಜ್ಞಾನವಾಗುತ್ತದೆ. ರಿಚರ್ಡ್ ಬರ್ಟನ್ ತನ್ನ 1870ರ ಗ್ರಂಥದಲ್ಲಿ ಭಾರತದ ಬೇತಾಳನನ್ನು ‘ವ್ಯಾಂಪೈರ್’ ಎಂದು ಕರೆದದ್ದೂ ಇದೇ ಬಗೆಯ ಪಲ್ಲಟ. ಅನ್ಯರ ಶವವನ್ನು ಹೊಕ್ಕು ಕಥೆ ಹೇಳುವ ಬೇತಾಳನಿಗೂ, ತನ್ನದೇ ಒಡಲಿನಿಂದ ಎದ್ದು ಬರುವ ರಕ್ತಪಿಪಾಸುವಿಗೂ ಇರುವ ಅಂತರ ಅನುವಾದದಲ್ಲಿ ಅಳಿಸಿಹೋಯಿತು.

ಹೀಗೆ ‘ಡ್ರಾಕುಲಾ’ ಲೋಕನಂಬಿಕೆಗೆ ಮಾನ್ಯತೆ ತಂದುಕೊಟ್ಟರೂ ಅದರ ಒಡೆತನವನ್ನು ನಂಬಿದವರಿಂದ ಕಸಿದುಕೊಂಡಿತು. ಮೌಖಿಕ ಸಾಮಗ್ರಿಯನ್ನು ದಾಖಲಿಸುವವರು ಏನು ಹೇಳಲಾಯಿತೆಂಬುದರ ಜೊತೆಗೆ ಯಾರು, ಯಾವ ನುಡಿಯಲ್ಲಿ, ಯಾವ ಸಂದರ್ಭದಲ್ಲಿ ಹೇಳಿದರೆಂಬುದನ್ನೂ ಉಳಿಸಿಕೊಳ್ಳಬೇಕಾದ ಅಗತ್ಯವನ್ನು ಈ ಕಾದಂಬರಿಯ ಚರಿತ್ರೆ ಮನಗಾಣಿಸುತ್ತದೆ.